ಮುಳುಗಿದ ಬಂದರಿನ ಊರು

(ಬಂದರು ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಮಾವ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸೋದರ ಸೊಸೆ ಸುಮಾ.)

ಸುಮಾ: ಯೂದಾಯದ ಹೆರೋದ ದೊರೆ ಕಟ್ಟಿಸಿದ ಸಿಸೇರಿಯಾ ಬಂದರಿನ ಬಗ್ಗೆ ಇತಿಹಾಸಕಾರ ಜೋಸೆಫಸ್ ಬರೆದದ್ದು ಓದಿದ್ರಾ ಮಾವ? ದೊರೆ ದುಡ್ಡು ಸುರಿದು ಪ್ರಕೃತಿಯನ್ನೇ ಗೆದ್ದ ಅನ್ನೋ ಧಾಟಿ.

ಮಾವ: ಓದಿದೆ. ಬರೆದವನು ದೊರೆ ಸತ್ತು 40 ವರ್ಷದ ಮೇಲೆ ಹುಟ್ಟಿದವನು. ಕೆಲಸ 12 ವರ್ಷ ಹಿಡಿಯಿತು ಅಂತ ಒಂದು ಕಡೆ, 10 ಅಂತ ಇನ್ನೊಂದು ಕಡೆ. ಆದರೆ ಜಾಗದ ಮಾತು ಸರಿಯಾಗಿಯೇ ಹೇಳಿದ್ದಾನೆ. ದೋರ್‌ನಿಂದ ಯಾಫಾವರೆಗೆ ಹಡಗಿಗೆ ಒಳ್ಳೆಯ ಆಸರೆಯೇ ಇಲ್ಲ. ನೈಋತ್ಯ ಗಾಳಿ ಎದ್ದರೆ ಬಯಲು ಕಡಲಲ್ಲೇ ಲಂಗರು. ಅಂಥ ಮರಳು ದಂಡೆಯಲ್ಲಿ ಕ್ರಿ.ಪೂ. 22ರ ಸುಮಾರಿಗೆ ಹೆರೋದ ಕೈ ಹಾಕಿದ.

ಸುಮಾ: ಅಂದಮೇಲೆ ಗೆದ್ದ ಹಾಗೇ ಅಲ್ವಾ?

ಮಾವ: ಗೆಲ್ಲೋದೇನು ಬಂತು, ಸಮುದ್ರವನ್ನೇ ಕೂಲಿಗಿಟ್ಟುಕೊಂಡ. ಇಟಲಿಯ ನೇಪಲ್ಸ್ ಕಡೆಯಿಂದ ಜ್ವಾಲಾಮುಖಿ ಬೂದಿ ಹಡಗಿನಲ್ಲಿ ಬಂತು. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಬೂದಿ, ಇದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳಿದ ಅಳತೆ. ಕೋಣೆಯಷ್ಟು ದೊಡ್ಡ ಮರದ ಪೆಟ್ಟಿಗೆಗಳನ್ನು ತೇಲಿಸಿಕೊಂಡು ಹೋಗಿ, ಮುಳುಗಿಸಿ, ಗಾರೆ ತುಂಬಿ ಅಲೆತಡೆಗೋಡೆ ಎಬ್ಬಿಸಿದರು. ಮುಳುಗುಗಾರರು ನೋಡಿದಾಗ ಹಲಗೆ, ತೊಲೆಗಳ ಅಚ್ಚು ಕಾಂಕ್ರೀಟಿನ ಮೈಮೇಲೆ ಹಾಗೇ ಇತ್ತು. ಗಾರೆಯಲ್ಲಿ ಸರಿಯಾಗಿ ಬೆರೆಯದ ಸುಣ್ಣದ ಬಿಳಿ ಉಂಡೆಗಳೂ ಕಂಡವು. ಆತುರದ ಕೆಲಸ ಇರಬೇಕು. ಆದರೂ ಎಂಥ ಗಾರೆ! ಇವತ್ತಿನ ಕಬ್ಬಿಣದ ಕಾಂಕ್ರೀಟನ್ನು ಉಪ್ಪುನೀರು ತಿಂದುಹಾಕುತ್ತೆ, ಇದಕ್ಕೆ ಉಪ್ಪುನೀರೇ ಊಟ. ಒಳಗೆ ಹೊಸ ಹರಳು ಬೆಳೆದು ಬಿಗಿಯಾಗುತ್ತೆ.

ಸುಮಾ: ಮತ್ಯಾಕೆ ಮುಳುಗಿತು?

ಮಾವ: ಗಾರೆ ಗಟ್ಟಿ, ನೆಲ ಸಡಿಲ. ಅಡಿಗೆ ಕಲ್ಲು ಹಾಸಿದರೂ ಕೆಳಗಿನ ಮರಳನ್ನು ಅಲೆ ಕೊರೆಯುತ್ತಲೇ ಇರುತ್ತೆ. ಭೂಕಂಪವೂ ಕೈಜೋಡಿಸಿರಬಹುದು. ಡೊಮಿಷಿಯನ್ ಚಕ್ರವರ್ತಿಯ ಹೆಸರಿರುವ ಸೀಸದ ಗಟ್ಟಿಗಳು, ಒಡೆದ ಹಡಗೊಂದರ ಸರಕು, ಆ ಅಲೆತಡೆಗೋಡೆಯ ಮೇಲೇ ಸಿಕ್ಕಿವೆ. ಹಡಗು ಗೋಡೆಯ ನೆತ್ತಿಗೆ ಬಡಿದಿದ್ದರೆ, ನೆತ್ತಿ ಆಗಲೇ ನೀರೊಳಗೆ ಹೋಗಿತ್ತು ಅಂತಲೇ ಅರ್ಥ. ಡೊಮಿಷಿಯನ್ ಕಾಲಕ್ಕೆ ಗೋಡೆ ಕಟ್ಟಿ ಹೆಚ್ಚುಕಡಿಮೆ ನೂರು ವರ್ಷ. ನನ್ನ ಲೆಕ್ಕದಲ್ಲಿ ಅದು ಸೋತ ಕಾಮಗಾರಿ.

ಸುಮಾ: ಊರು ಸೋಲಲಿಲ್ಲವಲ್ಲ ಮಾವ. ಕ್ರಿ.ಶ. 6ರಿಂದ ರೋಮನ್ ಅಧಿಕಾರಿಗಳು ಕೂತದ್ದು ಅಲ್ಲೇ. ಆ ಅಧಿಕಾರಿಗಳಲ್ಲೊಬ್ಬನಾದ ಪಿಲಾತನ ಹೆಸರಿನ ಕಲ್ಲು 1961ರಲ್ಲಿ ಅಲ್ಲಿನ ರಂಗಮಂದಿರದಲ್ಲೇ ಸಿಕ್ಕಿತು. ಗೋಡೆ ಕುಸಿದ ಮೇಲೆ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ನೀರಿನ ಮೇಲ್ಗಾಲುವೆಗೆ ಪಕ್ಕದಲ್ಲೇ ಇನ್ನೊಂದನ್ನು ಜೋಡಿಸಿದರು. ಬಾಯಾರಿದ ಜನ ಹೆಚ್ಚಿದ್ದರಿಂದ ತಾನೇ? ಮೂರನೇ ಶತಮಾನದಲ್ಲಿ ಕ್ರೈಸ್ತ ವಿದ್ವಾಂಸ ಒರಿಜೆನ್ ಅಲ್ಲಿ ಪಾಠ ಹೇಳಿದ. ಬಂದರಿಗೆಂದು ಬಂದವರು ಕಚೇರಿ, ನೀರು, ಪಾಠ ಅಂತ ಉಳಿದುಕೊಂಡರು. ಹುಟ್ಟಿಸಿದ ಕಾರಣ ಹೋದರೂ ಊರು ನಿಲ್ಲುತ್ತೆ ಅಂದಮೇಲೆ, ಅದು ಬಂದರಿನ ಊರು ಅನ್ನೋದೇ ಅರ್ಧಸತ್ಯ.

ಮಾವ: ಬಂದರು ಪೂರ್ತಿ ಹೋಗಿರಲಿಲ್ಲ ಕಣಮ್ಮ. ಸರಕು ಇಳೀತಾ ಇತ್ತು. ಐನೂರರ ಹೊತ್ತಿಗೆ ಅನಾಸ್ಟೇಸಿಯಸ್ ಚಕ್ರವರ್ತಿ ದುರಸ್ತಿಯನ್ನೂ ಮಾಡಿಸಿದ. ಇರಲಿ, ನಿನ್ನ ಮಾತೇ ಒಪ್ಪಿದೆ ಅಂತಿಟ್ಟುಕೋ. ನಾಳೆ ಎಲ್ಲೋ ತಡೆಗೋಡೆ ಕುಸಿದರೆ, ಊರು ಬೆಳೀತಲ್ಲ ಸ್ವಾಮಿ ಅಂತ ಎಂಜಿನಿಯರ್ ಸಬೂಬು ಹೇಳಬಹುದಾ?

ಸುಮಾ: ಹೇಳಬಾರದು. ಊರು ಬೆಳೆದದ್ದರಿಂದ ಆ ಸೀಸದ ಹಡಗಿನವರಿಗೆ ಆದ ಲಾಭವೇನೂ ಇಲ್ಲ. ಆದರೆ ಗೋಡೆ ನೂರು ವರ್ಷ ನಿಲ್ಲಬೇಕು ಅಂತ ಹೆರೋದನಿಗೆ ಇತ್ತಾ? ಊರಿಗೂ ಬಂದರಿಗೂ ಅವನಿಟ್ಟದ್ದು ಚಕ್ರವರ್ತಿ ಆಗಸ್ಟಸ್‌ನ ಹೆಸರು. ಬಂದರಿನ ಎದುರಿಗೇ, ದಿಬ್ಬದ ಮೇಲೆ, ಆಗಸ್ಟಸ್‌ಗೂ ರೋಮ್ ದೇವತೆಗೂ ಗುಡಿ. ಹಡಗಿನಿಂದ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದು. ಆಗಸ್ಟಸ್ ಬದುಕಿರುವಾಗ ಮುಗಿದರೆ ಸಾಕಿತ್ತು.

ಮಾವ: ಮುಗೀತಲ್ಲ.

ಸುಮಾ: ಹಾಗಿದ್ದರೆ ದೊರೆ ಕೇಳಿದ್ದನ್ನು ಎಂಜಿನಿಯರು ಮಾಡಿಕೊಟ್ಟ. ಸೋತ ಕಾಮಗಾರಿ ಅಂತ ಯಾರ ಪರವಾಗಿ ಹೇಳ್ತೀರಿ?

ಮಾವ: ಆ ಹಡಗಿನವರ ಪರವಾಗಿ. ಅವರನ್ನು ಕೇಳಿ ಯಾರೂ ಗೋಡೆ ಕಟ್ಟಲಿಲ್ಲ, ನಿಜ. ಅದನ್ನು ನಂಬಿ ಬಂದವರು ಅವರೇ.