ಋಣದ ಹೊಣೆಯೂ ಅಪರಾಧದ ಹೊಣೆಯೂ

ಒಬ್ಬನ ಸಾಲಕ್ಕೆ ಊರವರೆಲ್ಲರೂ ಹೊಣೆಯಾಗಬಹುದೇ? ಆಗಬಹುದೆಂದು ಗದಗ ತಾಲ್ಲೂಕಿನ ಕಣಗಿನಹಾಳದ ರೈತರು 1905ರಲ್ಲಿಯೇ ಉತ್ತರವಿತ್ತರು. ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಹುಟ್ಟಿದ ಸಹಕಾರ ಪತ್ತಿನ ಸಂಘವು ದೇಶದ ಮೊದಲನೆಯದೆಂದು ಪ್ರಸಿದ್ಧವಾಗಿದೆ. 1904ರ ಕಾಯಿದೆಯು ಗ್ರಾಮಸಂಘಗಳ ಸದಸ್ಯರಿಗೆ ವಿಧಿಸಿದುದು ಮಿತಿಯಿಲ್ಲದ ಹೊಣೆ. ಸಂಘದ ಸಾಲಕ್ಕೆ ಪ್ರತಿಯೊಬ್ಬನೂ ತಲೆಗೊಡಬೇಕು. ಆದರೆ ಅದು ತಾನಾಗಿ ಒಪ್ಪಿ ಹೊತ್ತ ಭಾರ.

ಒಬ್ಬನ ಅಪರಾಧಕ್ಕೆ ಅವನ ಕುಲವೆಲ್ಲವೂ ಹೊಣೆಯೇ ಎಂಬುದು ಬೇರೆಯ ಪ್ರಶ್ನೆ. ಅದು ಈ ಸೀಮೆಯ ನೆರೆಯಲ್ಲಿಯೇ, ನಿಜಾಮನ ರಾಜ್ಯದಲ್ಲಿ, 1948ರಲ್ಲಿ ಎದ್ದು ನಿಂತಿತು. ರಜಾಕಾರರ ಹಾವಳಿಗೆ ಬೆಂದ ಜನರು ಗಡಿ ದಾಟಿ ಬರುತ್ತಿದ್ದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವು ಆ ದಬ್ಬಾಳಿಕೆಯನ್ನು ಎದುರಿಸಿತು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಒಳಹೊಕ್ಕಿತು. 16ರಂದು ಪ್ಯಾರಿಸಿನಲ್ಲಿ ಭದ್ರತಾ ಮಂಡಳಿಯು ಹೈದರಾಬಾದಿನ ದೂರನ್ನು ಕೇಳಿತು. ಮರುದಿನವೇ ನಿಜಾಮನು ಸೋಲೊಪ್ಪಿದನು, ಬಳಿಕ ದೂರನ್ನೂ ಹಿಂತೆಗೆದುಕೊಂಡನು. ಅಂತರರಾಷ್ಟ್ರೀಯ ನ್ಯಾಯವು ತೀರ್ಪು ಹೇಳುವುದಕ್ಕೆ ಅವಕಾಶವೇ ಉಳಿಯಲಿಲ್ಲ.

ಆದರೆ ದಬ್ಬಾಳಿಕೆಯು ಅಳಿದೊಡನೆ ರಾಜ್ಯವು ನೆಲೆಗೊಳ್ಳುವುದೇ? ಬಿಜ್ಜಳನ ವಧೆಯಿಂದ ಕಲ್ಯಾಣವು ಉಳಿಯಲಿಲ್ಲವೆಂಬುದನ್ನು ಶರಣಪರಂಪರೆಯು ಬಲ್ಲದು. ಆ ಕಲ್ಯಾಣವಿದ್ದ ಬೀದರ ಜಿಲ್ಲೆಯಲ್ಲಿಯೂ ಕಲಬುರ್ಗಿಯಲ್ಲಿಯೂ 1948ರ ವಿಜಯದ ತರುವಾಯ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಸೇಡು ತೀರಿತು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು ರಾಜ್ಯದೊಳಗೆ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜುಮಾಡಿತು. ಕೆಲವೆಡೆ ಸೈನಿಕರೂ ಪೊಲೀಸರೂ ಕೈಸೇರಿಸಿದ್ದರೆಂದು ಮುಚ್ಚುಮರೆಯಿಲ್ಲದೆ ಬರೆಯಿತು. ಅಪರಾಧವನ್ನು ಎಸಗುವವರು ವ್ಯಕ್ತಿಗಳು, ಶಿಕ್ಷೆಯೂ ವ್ಯಕ್ತಿಗಳಿಗೇ ಸಲ್ಲತಕ್ಕದ್ದು ಎಂಬ ತತ್ತ್ವವನ್ನು ನ್ಯೂರೆಂಬರ್ಗಿನ ನ್ಯಾಯಮಂಡಳಿಯು 1946ರಲ್ಲಿ ಜರ್ಮನಿಯ ನಾಯಕರ ವಿಷಯದಲ್ಲಿ ಸಾರಿ ಎರಡು ವರ್ಷಗಳಷ್ಟೇ ಕಳೆದಿದ್ದವು. ರಜಾಕಾರನು ಕೊಂದನೆಂದು ಬಡ ಗಾಣಿಗನ, ಪಿಂಜಾರನ ಕೊರಳು ಕೊಯ್ಯುವುದು ಯಾವ ನ್ಯಾಯ?

ಅದೇ ವರದಿಯಲ್ಲಿ ಮತ್ತೊಂದು ಸಂಗತಿಯಿದೆ. ಕಾಯಕತತ್ತ್ವವನ್ನು ನಂಬಿದವರು ಅದನ್ನು ನಿಂತು ಓದಬೇಕು. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಪಾಡಿದರು. ಹಾಗೆ ಕಾಪಾಡುವಾಗ ತಾವೇ ಪ್ರಾಣ ತೆತ್ತವರೂ ಉಂಟು. ಒಂದೇ ಮಗ್ಗದ ಕಾಯಕವು ಅವರನ್ನು ಬೆಸೆದಿತ್ತು. ಇವರ ಮೇಲೆ ಯಾವ ಕಾಯಿದೆಯೂ ಹೊಣೆ ಹೊರಿಸಿರಲಿಲ್ಲ. ರಾಜ್ಯವನ್ನು ಮರಳಿ ಕಟ್ಟುವ ಕೆಲಸಕ್ಕೆ ಮೊದಲು ಕೈಹಚ್ಚಿದವರು ಇವರೇ ಎಂದರೆ ಅತಿಶಯೋಕ್ತಿಯಾಗದು. ಸೈನಿಕ ಆಡಳಿತ, 1952ರ ಚುನಾವಣೆ, 1956ರ ಪ್ರಾಂತವಿಂಗಡಣೆ, ಇವೆಲ್ಲ ಆಮೇಲಿನವು.

ಅನಾಥರನ್ನು ಸಲಹುವುದು, ಸುಟ್ಟ ಮನೆಯನ್ನು ಎತ್ತಿಸುವುದು ಸಮಾಜದ ಋಣ. ಅದನ್ನು ಎಲ್ಲರೂ ಮಿತಿಯಿಲ್ಲದೆ ಹೊರಬಹುದು, ಹೊರಬೇಕು. ಕೊಲೆಯ ಪಾತಕವನ್ನು ಮಾತ್ರ ಹಾಗೆ ಹಂಚಲಾಗದು. ರಜಾಕಾರರ ಮುಖಂಡ ಖಾಸಿಂ ರಜ್ವಿಯು ವಿಚಾರಣೆಗೊಳಪಟ್ಟು, ಸೆರೆವಾಸ ಮುಗಿಸಿ, 1957ರಲ್ಲಿ ಪಾಕಿಸ್ತಾನಕ್ಕೆ ತೆರಳಿದನು. ಗೆದ್ದವರ ಕಡೆಯ ಕೊಲೆಗಳನ್ನು ಎಣಿಸಿದ ವರದಿಯನ್ನು ಸರಕಾರವು ಆಗ ಪ್ರಕಟಿಸಲೇ ಇಲ್ಲ.