ಒಂದರಲ್ಲಿ ತಪ್ಪಿತು



ದಶಲಕ್ಷಣ ಪರ್ವದಲ್ಲಿ ಇಂದು ಉತ್ತಮ ಶೌಚದ ದಿನ. ಸ್ನಾನ ಎಲ್ಲರೂ ಮಾಡಿಕೊಂಡೇ ಬಂದಿದ್ದೀರಿ, ಆ ಮಾತು ಬೇಡ. ಉತ್ತಮ ಶೌಚವೆಂದರೆ ಲೋಭವನ್ನು ತೊಳೆಯುವುದು, ಹಾಗಾಗಿ ಲೋಭದ ಮಾತಾಡೋಣ. ಕ್ರೋಧ, ಮಾನ, ಮಾಯೆ ಅಳಿದ ಮೇಲೂ ಹತ್ತನೆಯ ಗುಣಸ್ಥಾನದವರೆಗೆ ಸೂಕ್ಷ್ಮವಾಗಿ ಉಳಿಯುವ ಕಷಾಯ ಅದು. ಆ ಲೋಭ ಹೆಚ್ಚು ಕಾಣುವುದು ಜೂಜಿನಲ್ಲಿ. ಸಪ್ತವ್ಯಸನಗಳಲ್ಲಿ ಹಿರಿಯರು ಮೊದಲು ಎಣಿಸಿದ್ದು ಅದನ್ನೇ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಅದನ್ನು ದೂರದಿಂದಲೇ ಬಿಡಬೇಕೆನ್ನುತ್ತಾರೆ. ಈಗ ಅದು ಜೇಬಿನ ಮೊಬೈಲಿಗೇ ಬಂದು ಕೂತಿದೆ.

ನಮ್ಮ ಹುಡುಗರ ಬಾಯಲ್ಲಿ ಮಲ್ಟಿ ಬೆಟ್ ಎಂಬ ಮಾತು ಕೇಳುತ್ತಿದೆ. ಐದು ಪಂದ್ಯ ಆರಿಸಿ ಒಂದೇ ಚೀಟಿಯಲ್ಲಿ ನೂರು ರೂಪಾಯಿ ಕಟ್ಟುವುದು. ಐದೂ ಸರಿಯಾದರೆ ಹಣ, ಒಂದು ತಪ್ಪಿದರೂ ಚೀಟಿ ಕಸ. ಒಂದೊಂದಕ್ಕೆ 1.90 ಆಡ್ಸ್ ಎನ್ನಿ, ಅಂದರೆ ಗೆದ್ದರೆ ಒಂದು ರೂಪಾಯಿಗೆ 1.90 ಮರಳುತ್ತದೆ. ಮೊದಲ ಪಂದ್ಯ ಗೆದ್ದರೆ 190 ಆಯಿತು, ಆದರೆ ಕೈಗೆ ಬರಲಿಲ್ಲ. ಅಷ್ಟನ್ನೂ ಎರಡನೆಯದಕ್ಕೆ ಕಟ್ಟಿದ ಹಾಗೆ. ಅಲ್ಲಿ 361, ಆಮೇಲೆ 686, ಆಮೇಲೆ 1,303, ಕೊನೆಗೆ 2,476. ನೂರಕ್ಕೆ ಎರಡೂವರೆ ಸಾವಿರ! ಆಸೆ ಹುಟ್ಟದೆ ಇರುತ್ತದೆಯೇ?

ನೀವು ವ್ಯಾಪಾರಸ್ಥರು, ಲೆಕ್ಕ ಕೂತು ನೋಡಿ. ಸಮಬಲದ ಎರಡು ತಂಡಗಳಿದ್ದರೆ ನ್ಯಾಯವಾದ ಆಡ್ಸ್ 2. ಬುಕ್ಕಿ ಕೊಡುವುದು 1.90, ಅಂದರೆ ನೂರಕ್ಕೆ ಐದು ಅವನು ಹಿಡಿದುಕೊಂಡ. ಐದು ಪಂದ್ಯ ಕೂಡಿಸಿದಾಗ ನ್ಯಾಯವಾಗಿ ಬರಬೇಕಾದದ್ದು ನೂರಕ್ಕೆ 3,200. ಅವನು ಕೊಡುವುದು 2,476. ಹಿಡಿತ ನೂರಕ್ಕೆ ಸುಮಾರು ಇಪ್ಪತ್ಮೂರಕ್ಕೆ ಏರಿತು. ಹತ್ತು ಪಂದ್ಯವಾದರೆ ನಲವತ್ತು. ಒಂದೇ ಚೀಲದ ಅಕ್ಕಿಯನ್ನು ಐದು ಸಲ ತೂಗಿ ಐದು ಸಲವೂ ತೂಕದಲ್ಲಿ ಹೊಡೆದ ಹಾಗೆ. ತಕ್ಕಡಿಯಲ್ಲಿ ಹೀಗೆ ಮಾಡುವುದು ಅಚೌರ್ಯಾಣುವ್ರತದ ಅತಿಚಾರವೆಂದು ಬಲ್ಲ ನೀವು, ಅಂಥ ತಕ್ಕಡಿಗೆ ನಿಮ್ಮ ಮಕ್ಕಳ ಸಂಬಳ ಏರುವುದನ್ನು ನೋಡುತ್ತ ಕೂರುತ್ತೀರಾ?

ಹಣಕ್ಕಿಂತ ನನಗೆ ಹೆಚ್ಚು ಭಯ ಇನ್ನೊಂದರದು. ಸಮಬಲದ ಐದು ಪಂದ್ಯಗಳು 32 ರೀತಿಯಲ್ಲಿ ಮುಗಿಯಬಹುದು. ಅವುಗಳಲ್ಲಿ ಎಲ್ಲವೂ ಸರಿಯಾಗುವುದು ಒಂದೇ. ನಾಲ್ಕು ಸರಿ, ಒಂದು ತಪ್ಪು ಎಂಬುದು ಐದು ಬಗೆ. ಗೆಲ್ಲುವುದಕ್ಕಿಂತ "ಅಯ್ಯೋ, ಒಂದರಲ್ಲಿ ತಪ್ಪಿತು" ಎಂದು ಕೈ ಹಿಸುಕಿಕೊಳ್ಳುವುದೇ ಐದು ಪಟ್ಟು! ಚೀಟಿಯ ಕಟ್ಟೋಣವೇ ಹಾಗಿದೆ. ಸೋತವನಿಗೆ ಮಾತ್ರ ಅದು ಸೋಲಾಗಿ ಕಾಣುವುದಿಲ್ಲ, ಗೆಲುವು ಬಾಗಿಲ ತನಕ ಬಂದು ಹೋದಂತೆ ಕಾಣುತ್ತದೆ. ಮರುದಿನ ಇನ್ನೂರು ಕಟ್ಟುತ್ತಾನೆ. "ನನ್ನ ಶುಭಕರ್ಮ ಉದಯಕ್ಕೆ ಬರುತ್ತಿದೆ ಸ್ವಾಮಿ" ಎನ್ನುವವರೂ ಇದ್ದಾರೆ. ಬುಕ್ಕಿಯ ಗಣಿತಕ್ಕೆ ಕರ್ಮಸಿದ್ಧಾಂತದ ಹೆಸರಿಡಬೇಡಿ.

ನಾಲ್ಕು ಗೆದ್ದು ಐದನೆಯದರ ಕೊನೆಯ ಓವರ್ ನೋಡುತ್ತಿರುವವನನ್ನು ಗಮನಿಸಿದ್ದೀರಾ? ತಟ್ಟೆಯಲ್ಲಿ ಅನ್ನ ಆರಿದೆ, ಮಗು ಅಂಗಿ ಹಿಡಿದು ಜಗ್ಗುತ್ತಿದೆ, ಅವನ ಕಣ್ಣು ಮೊಬೈಲಿನಲ್ಲಿದೆ. ಬಾರದ ಭೋಗಕ್ಕೆ ಚಿತ್ತವನ್ನು ಹೀಗೆ ಒತ್ತೆಯಿಡುವುದು ನಿದಾನ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಅದೂ ಒಂದು. ಗೆದ್ದರೂ ಆ ಹೊತ್ತಿನ ಕರ್ಮಬಂಧ ಆಗಿಯೇ ಹೋಯಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ಮಾಡಿದೆ. ಒಳ್ಳೆಯದೇ. ಆದರೆ ಸ್ವತ್ತಿಗೆ ಮಿತಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣದ ವ್ರತವನ್ನು ಸಂಸತ್ತು ನಮಗೆ ಕೊಡಿಸಲಾರದು.

ಇಂದು ಸಂಜೆ ಪ್ರತಿಕ್ರಮಣಕ್ಕೆ ಕೂತಾಗ, ಈ ಚಟ ಇರುವವರು ಅದನ್ನೂ ಹೆಸರಿಟ್ಟು ನೆನೆಯಿರಿ. ಸಾಲವಾಗಿದ್ದರೆ ಎಷ್ಟೆಂದು ಮನೆಯಲ್ಲಿ ಹೇಳಿಬಿಡಿ. ತಾಯಂದಿರೇ, ಹೇಳಿದ ರಾತ್ರಿಯೇ ಗದರಬೇಡಿ. ಮೊದಲು ಬೆಟ್ ಕಟ್ಟುವ ಖಾತೆ ಮುಚ್ಚಿಸಿ, ಆಮೇಲೆ ಯಾರಿಗೆ ಎಷ್ಟು ಕೊಡಬೇಕೆಂದು ಒಂದು ಹಾಳೆಯಲ್ಲಿ ಮಗನ ಕೈಯಿಂದಲೇ ಬರೆಸಿ.