ಕಡಲು ಬಿಸಿಯಾದರೆ ಪಾಪ ಯಾರದು?

2019ರಲ್ಲಿ ಮುಂಗಾರು ತಡವಾಯಿತು. ಜೂನ್ ಮೊದಲ ವಾರದಲ್ಲಿ ಕರ್ನಾಟಕದ ಮುಜರಾಯಿ ದೇವಸ್ಥಾನಗಳಲ್ಲಿ ಸರ್ಕಾರದ ಸೂಚನೆಯಂತೆ ಪರ್ಜನ್ಯ ಜಪ ನಡೆಯಿತು. ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರನ ಗುಡಿಯಲ್ಲಿ ವಿಶೇಷ ಪೂಜೆಯೂ ಆಯಿತು. ಮಳೆ ಬೇಡಲು ಕಿಗ್ಗಕ್ಕೆ ಹೋಗುವುದು ಹೊಸದಲ್ಲ. ಮಳೆ ಅತಿಯಾದಾಗ ಸಾಕುಮಾಡೆಂದು ಬೇಡುವುದೂ ಅಲ್ಲಿಯೇ. ಆ ವರ್ಷ ಅತಿಯೂ ಆಯಿತು. ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಮುಳುಗಿದವು. ಕೊಡಗಿನಲ್ಲಿ ಗುಡ್ಡ ಜರಿದು ಜನ ಸತ್ತರು.

ಜೂನಿನ ಜಪಕ್ಕೆ ದೇವರು ಓಗೊಟ್ಟನೆಂದರೆ ಆಗಸ್ಟಿನ ಸಾವುಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಭಕ್ತಿಯನ್ನು ಹಂಗಿಸಲು ಕೇಳುವ ಮಾತಲ್ಲ ಇದು. ಮಳೆಗೂ ಮನುಷ್ಯರ ಪಾಪಪುಣ್ಯಕ್ಕೂ ನಂಟಿದೆ ಎಂದು ಮನಸಾರೆ ನಂಬಿದವರೇ ಮೊದಲು ಎದುರಿಸಬೇಕಾದ ಪ್ರಶ್ನೆ.

ಆ ನಂಟಿನ ಕಥೆ ಹಳೆಯದು. ಅಂಗರಾಜ ರೋಮಪಾದ ಮಾಡಿದ ತಪ್ಪಿಗೆ ಅವನ ನಾಡಿನಲ್ಲಿ ಮಳೆ ನಿಂತಿತು, ಋಷ್ಯಶೃಂಗ ಕಾಲಿಟ್ಟ ಮೇಲೆ ಸುರಿಯಿತು. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನೂ ಕಾಲದ ಒಳಿತು ಕೆಡುಕಿಗೆ ರಾಜನನ್ನೇ ಹೊಣೆ ಮಾಡುತ್ತಾನೆ. ಈ ವಿಚಾರಕ್ಕೆ ಒಂದು ಘನತೆಯಿದೆ. ಆಳುವವನು ಆಕಾಶದ ಕಡೆ ಕೈತೋರಿಸಿ ಪಾರಾಗಲು ಇದು ಬಿಡುವುದಿಲ್ಲ.

ಆದರೆ ಹೊಣೆ ಹೊರಿಸುವ ಬೆರಳು ಅರಮನೆಯ ಕಡೆಗೆ ತಿರುಗುವುದು ಅಪರೂಪ, ಕೈಲಾಗದವರ ಕಡೆಗೆ ತಿರುಗುವುದೇ ಹೆಚ್ಚು. ತೊನ್ನು ಇದ್ದವರನ್ನು ಹೂತದ್ದರಿಂದಲೇ ಮಳೆ ಹೋಯಿತೆಂದು ಗೋರಿ ಅಗೆದು ಶವ ಹೊರತೆಗೆದ ಘಟನೆಗಳು ನಮ್ಮ ಬಯಲುಸೀಮೆಯಲ್ಲಿ ಬರದ ವರ್ಷಗಳಲ್ಲಿ ವರದಿಯಾಗಿವೆ. ಬದುಕಿದ್ದಾಗ ಅವಮಾನ ಉಂಡ ಜೀವಕ್ಕೆ ಸತ್ತ ಮೇಲೂ ನೆಮ್ಮದಿಯಿಲ್ಲ. ಸಮುದ್ರದ ವಿಜ್ಞಾನ ಮಾಡಿದ ದೊಡ್ಡ ಉಪಕಾರವೆಂದರೆ ಇಂಥವರನ್ನು ಈ ಆರೋಪದಿಂದ ಬಿಡಿಸಿದ್ದು.

ಆ ವಿಜ್ಞಾನ ಹೇಳುವುದಿಷ್ಟು. ಪೆಸಿಫಿಕ್ ಸಾಗರದ ಸಮಭಾಜಕದ ಉದ್ದಕ್ಕೂ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ದೂಡುತ್ತದೆ. ಎರಡರಿಂದ ಏಳು ವರ್ಷಕ್ಕೊಮ್ಮೆ ಆ ಗಾಳಿ ಸೊರಗುತ್ತದೆ. ಬಿಸಿನೀರು ಪೆರುವಿನ ಕಡೆಗೆ ಹರಡುತ್ತದೆ, ಮೋಡ ಕಟ್ಟುವ ಜಾಗವೂ ಅದರ ಹಿಂದೆಯೇ ಸರಿಯುತ್ತದೆ. ಇದೇ ಎಲ್ ನಿನೊ. ಆಗ ಭಾರತದ ಮೇಲೆ ಗಾಳಿ ಮೇಲೇರುವ ಬದಲು ಕೆಳಗಿಳಿಯುವುದು ಹೆಚ್ಚಿ, ಮಳೆ ಕೈಕೊಡುವ ಸಂಭವ ಏರುತ್ತದೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್, ಮುಂಗಾರಿನ ಗುಟ್ಟು ಹುಡುಕುತ್ತ ದೇಶದೇಶಗಳ ವಾಯುಒತ್ತಡದ ಅಂಕಿಗಳನ್ನು ತಾಳೆ ನೋಡಿದರು. 1920ರ ದಶಕದಲ್ಲಿ ಈ ಏರಿಳಿತದ ಒಂದು ತುದಿ ಅವರ ಕೈಗೆ ಸಿಕ್ಕಿತು. ಅದನ್ನು ಕಡಲಿನ ಬಿಸಿಯೊಂದಿಗೆ ಜೋಡಿಸಿ 1969ರಲ್ಲಿ ವಿವರಿಸಿದವರು ಯಾಕೋಬ್ ಬ್ಯರ್ಕ್ನೆಸ್.

ಹಾಗಾದರೆ ಬರ ಬರಿಯ ಪ್ರಕೃತಿಯ ಆಟ, ಅಲ್ಲಿ ಧರ್ಮಕ್ಕೇನು ಕೆಲಸ ಎನ್ನಬಹುದೇ? ಹೀಗೆ ಅಂದವರು ಇದ್ದರು. ಅದರ ಫಲ ಮೈಸೂರು ಸೀಮೆಗೆ ಚೆನ್ನಾಗಿ ಗೊತ್ತು.

1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದ ಹಿಂದೆ ದಾಖಲೆಯಲ್ಲಿರುವ ಅತಿ ಪ್ರಬಲ ಎಲ್ ನಿನೊಗಳಲ್ಲೊಂದಿತ್ತು. ಅದೇ ಹೊತ್ತಿಗೆ ಉತ್ತರ ಚೀನಾದಲ್ಲಿ, ಬ್ರೆಜಿಲಿನ ಈಶಾನ್ಯದಲ್ಲಿ ಕೂಡ ನೆಲ ಬಿರಿದಿತ್ತು. ಹಳೆ ಮೈಸೂರಿನಲ್ಲಿ 1871ರ ಜನಗಣತಿಯಂತೆ 50 ಲಕ್ಷಕ್ಕೂ ಮಿಕ್ಕಿ ಜನ. 1881ರಲ್ಲಿ ಉಳಿದವರು ಸುಮಾರು 42 ಲಕ್ಷ. ಮಳೆಯನ್ನು ಕಡಲು ಕಸಿದಿತ್ತು, ಸರಿ. ಅನ್ನವನ್ನು ಕಸಿದವರು ಯಾರು? ಬರಪರಿಹಾರದ ಮೇಲ್ವಿಚಾರಣೆಗೆ ವೈಸರಾಯ್ ಲಿಟ್ಟನ್ ಕಳಿಸಿದ್ದು ರಿಚರ್ಡ್ ಟೆಂಪಲ್‌ರನ್ನು. ಇದೇ ಟೆಂಪಲ್ 1874ರಲ್ಲಿ ಬಿಹಾರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಹಸಿವಿನ ಸಾವನ್ನು ಬಹುಮಟ್ಟಿಗೆ ತಡೆದಿದ್ದರು, ಹಣ ಪೋಲು ಮಾಡಿದರೆಂಬ ಬೈಗುಳ ತಿಂದಿದ್ದರು. ಈ ಬಾರಿ ಅವರು ಮಿತವ್ಯಯಿಯಾದರು. ದಕ್ಷಿಣದ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸು. ಅಷ್ಟರಲ್ಲಿ ಜೀವ ಉಳಿಯದೆಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಶ್ ವಾದಿಸಿದರು. ದೇಶದ ಗೋಧಿ ಮಾತ್ರ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಬಿಹಾರ, ದಕ್ಷಿಣ ಎರಡೂ ಕಡೆ ಮಳೆ ಹೋಗಿತ್ತು. ಒಂದು ಕಡೆ ಜನ ಬದುಕಿದರು, ಇನ್ನೊಂದು ಕಡೆ ಲಕ್ಷಗಟ್ಟಲೆ ಸತ್ತರು. ಬರಕ್ಕೂ ಕ್ಷಾಮಕ್ಕೂ ನಡುವಿನ ಆ ಅಂತರದಲ್ಲಿ ಧರ್ಮಾಧರ್ಮದ ಪ್ರಶ್ನೆ ಪೂರ್ತಿಯಾಗಿ ಉಳಿದುಕೊಂಡಿದೆ. ರಾಜನ ಪಾಪದಿಂದ ಮೋಡ ಚದುರುವುದಿಲ್ಲ, ಒಪ್ಪೋಣ. ರಾಜನ ನಿರ್ಧಾರದಿಂದ ಉಗ್ರಾಣದ ಬಾಗಿಲು ಮುಚ್ಚುತ್ತದೆ. ಭೀಷ್ಮನ ಮಾತಿಗೆ ಇಲ್ಲಿ ಇಂದಿಗೂ ತೂಕವಿದೆ.

ಇನ್ನೊಂದು ಕಥೆ ಶ್ರವಣಬೆಳಗೊಳದ್ದು. ಹನ್ನೆರಡು ವರ್ಷದ ಕ್ಷಾಮ ಬರಲಿದೆ ಎಂದು ಉಜ್ಜಯಿನಿಯಲ್ಲಿ ಭದ್ರಬಾಹು ಮುನಿ ಮುಂಗಂಡ, ಜೈನ ಸಂಘ ದಕ್ಷಿಣಕ್ಕೆ ಹೊರಟಿತು ಎಂಬ ಪರಂಪರೆಯನ್ನು ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನ ದಾಖಲಿಸಿದೆ. ಆ ಮುನಿ ಬರವನ್ನು ತಡೆಯಲು ಹೋಗಲಿಲ್ಲ. ಗೊತ್ತಾದದ್ದನ್ನು ತನ್ನವರಿಗೆ ತಿಳಿಸಿದ, ಅವರು ಉಳಿಯುವ ದಾರಿ ಹಿಡಿದರು. ಮುಂಚಿತವಾಗಿ ತಿಳಿದವನ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನೆಲದಲ್ಲಿಲ್ಲ. ಇಂದು ಆ ಹೊರೆ ಹವಾಮಾನ ಇಲಾಖೆಯದು, ಅದರ ಮಾತು ಕೇಳಿಸಿಕೊಳ್ಳುವ ಸರ್ಕಾರಗಳದು.

ತೊಡಕೂ ಇದೆ. ಈಗಿನ ಮುನ್ಸೂಚನೆ ಮುನಿವಾಕ್ಯವಲ್ಲ, ಸಂಭವನೀಯತೆಯ ಲೆಕ್ಕ. 1997ರ ಎಲ್ ನಿನೊ ಶತಮಾನದಲ್ಲೇ ದೊಡ್ಡವುಗಳಲ್ಲೊಂದು. ಆದರೂ ಭಾರತದ ಮುಂಗಾರು ಸರಾಸರಿಯ ಮಟ್ಟದಲ್ಲೇ ಬಂತು. ಎರಡು ವರ್ಷದ ನಂತರ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಾಮಗಾಟಾ ಹಿಂದೂ ಮಹಾಸಾಗರದ ಇನ್ನೊಂದು ಏರಿಳಿತವನ್ನು ವಿವರಿಸಿದರು: ಆಫ್ರಿಕಾದ ಕಡೆ ನೀರು ಬೆಚ್ಚಗಾಗಿ ಸುಮಾತ್ರದ ಕಡೆ ತಣ್ಣಗಾದರೆ ನಮ್ಮ ಮಳೆಗೆ ಅನುಕೂಲವಾಗಬಲ್ಲದು. 1997ರಲ್ಲಿ ಹಾಗಿತ್ತು, 2019ರಲ್ಲೂ ಬಲವಾಗಿ ಹಾಗೆಯೇ ಇತ್ತು. ಹೀಗೆ ಒಂದು ಕಡಲು ಕೊಡದ್ದನ್ನು ಇನ್ನೊಂದು ಕೊಟ್ಟ ವರ್ಷ, ಎಚ್ಚರಿಕೆ ನಂಬಿ ಹೊಲ ಬೀಳುಬಿಟ್ಟ ರೈತನ ಗತಿಯೇನು?

ಕರ್ಮ ಮಾಡು, ಫಲದ ಚಿಂತೆ ಬಿಡು ಎಂಬ ಗೀತೆಯ ಉಪದೇಶವನ್ನು ರೈತನಿಗೆ ಹೇಳುವುದು ಸುಲಭ. ಸಾಲ ತಂದು ಬೀಜ, ಗೊಬ್ಬರ ಕೊಂಡವನಿಗೆ ಆ ಮಾತು ಹೇಳುವ ಹಕ್ಕು ಅವನ ನಷ್ಟದಲ್ಲಿ ಪಾಲು ಹೊರುವವರಿಗೆ ಮಾತ್ರ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಈ ಸೂಕ್ಷ್ಮವನ್ನು ಅರಿತಿದ್ದರು. ಪಾವಗಡ, ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿಯ ಬಿತ್ತನೆಗೆ ಯಾವ ಹೊತ್ತು ಮೇಲು ಎಂಬುದನ್ನು ದಶಕಗಳ ಮಳೆಯ ಲೆಕ್ಕ ಮತ್ತು ಅಲ್ಲಿನ ರೈತರ ಅನುಭವ ಎರಡನ್ನೂ ಮುಂದಿಟ್ಟುಕೊಂಡೇ ಅವರ ತಂಡ ಪರಿಶೀಲಿಸಿತು.

2023ರಲ್ಲಿ ಎಲ್ ನಿನೊ ಮರಳಿತು. ಆ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್; ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಧಾತು ಈಶ್ವರದಂತೆ ಜನ ಹಾದಿಬದಿಯಲ್ಲಿ ಬಿದ್ದು ಸಾಯಲಿಲ್ಲ, ಪಡಿತರದ ಅಕ್ಕಿ ಮನೆಮನೆಗೆ ಮುಟ್ಟುತ್ತಿತ್ತು. ಧರ್ಮ ನಡೆಯಿತೆಂದು ಅಷ್ಟರ ಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಆದರೆ ಎಲ್ ನಿನೊ ಬರಬಹುದೆಂಬ ಮಾತು ಏಪ್ರಿಲ್‌ನಲ್ಲೇ ಕೇಳಿಬಂದಿತ್ತು, ಬರದ ಮೊದಲ ಘೋಷಣೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ನಡುವಿನ ಆ ತಿಂಗಳುಗಳಲ್ಲೇ ರೈತ ಸಾಲ ಮಾಡಿ ಬಿತ್ತಿರುತ್ತಾನೆ. ಬೇಗ ಕೊಯ್ಲಿಗೆ ಬರುವ ರಾಗಿ, ಹುರುಳಿಯ ಬೀಜ ಅವನ ಹೋಬಳಿಗೆ ಮುಟ್ಟಬೇಕಾದದ್ದು, ದನಗಳಿಗೆ ಮೇವು ಕೂಡಿಡಬೇಕಾದದ್ದು, ಕೆರೆಯ ಹೂಳು ತೆಗೆಯುವ ಕೂಲಿ ಸಿಗಬೇಕಾದದ್ದು ಆಗಲೇ.